ಮೂವತ್ತೈದು ಸೆಕೆಂಡು

ಬೆಳಿಗ್ಗೆ ಏಳಕ್ಕೆ ಮಂಜು ಸರಿದಾಗ, ರೇಸ್ ಮೈದಾನದ ಕಾವಲು ಗೋಪುರದ ಬುಡದಲ್ಲಿ ಮುದುಕರೊಬ್ಬರು ಬಿದ್ದಿದ್ದರು. ಕತ್ತು ತಿರುಚಿಕೊಂಡಿತ್ತು. ಮೊದಲು ಕಂಡವಳು ಅವರ ಅಕ್ಕನ ಮಗಳು.

ಅವಳು ಪತ್ರಿಕೆಯಲ್ಲಿ ರೇಸಿನ ಅಂಕಣ ಬರೆಯುತ್ತಿದ್ದಳು. ಯಾವ ಕುದುರೆ ಗೆಲ್ಲಬಹುದು, ಯಾವುದನ್ನು ನಂಬಬಾರದು ಎಂದು. ಆ ವಿದ್ಯೆ ಕಲಿಸಿದವರು ಈ ಸೋದರಮಾವನೇ. ಮೂವತ್ತು ವರ್ಷದಿಂದ ದಿನಾ ಬೆಳಿಗ್ಗೆ ಗೋಪುರ ಹತ್ತಿ, ತಾಲೀಮಿಗೆ ಬಂದ ಕುದುರೆಗಳ ಓಟಕ್ಕೆ ಗುಂಡಿ ಒತ್ತಿ ನಿಲ್ಲಿಸುವ ಗಡಿಯಾರ ಹಿಡಿದವರು.

"ಮಾವ! ಮಾವ!" ಎಂದು ಕೈ ಹಿಡಿದಳು. ಕೈ ತಣ್ಣಗಿತ್ತು.

ಇನ್‌ಸ್ಪೆಕ್ಟರು ಬಂದರು. ಸಿಕ್ಕ ವೈದ್ಯರೆಂದರೆ ಕುದುರೆ ಡಾಕ್ಟರು. ಅವರು ಮಂಡಿಯೂರಿ ನೋಡಿ, "ಐದೂವರೆಗೇ ಪ್ರಾಣ ಹೋಗಿದೆ. ಕತ್ತಲಲ್ಲಿ ಮೆಟ್ಟಿಲು ತಪ್ಪಿದ್ದಾರೆ ಪಾಪ" ಎಂದರು.

"ಪುಸ್ತಕ ಎಲ್ಲಿ?" ಎಂದಳು ಅವಳು.

"ಯಾವ ಪುಸ್ತಕ?"

"ಟೈಮ್ ಬರೆಯೋದು. ಅದು ಬಿಟ್ಟು ಮಾವ ಬಚ್ಚಲಿಗೂ ಹೋಗ್ತಿರಲಿಲ್ಲ."

ಎಲ್ಲಿ ಹುಡುಕಿದರೂ ಪುಸ್ತಕ ಸಿಗಲಿಲ್ಲ. ಇನ್‌ಸ್ಪೆಕ್ಟರ ಹುಬ್ಬು ಗಂಟಿಕ್ಕಿತು. ಬಿದ್ದು ಸತ್ತವನ ಪುಸ್ತಕ ತಾನಾಗಿ ನಡೆದುಹೋಗುವುದಿಲ್ಲ.

*

ಹತ್ತು ಗಂಟೆಗೆ ಪೊಲೀಸರು ನಾಲ್ಕನೇ ನಂಬರಿನ ಕುದುರೆಯ ಜಾಕಿಯನ್ನು ವಿಚಾರಣೆಗೆ ಕೂರಿಸಿಕೊಂಡರು. ಹಿಂದಿನ ದಿನ ಅವನು ಮುದುಕರ ಕಾಲರ್ ಹಿಡಿದದ್ದನ್ನು ಲಾಯದವರೆಲ್ಲ ಕಂಡಿದ್ದರು. ಗೇಟಿನ ಪುಸ್ತಕದಲ್ಲಿ ಅವನು ಒಳಗೆ ಬಂದದ್ದು ಐದೂಕಾಲಿಗೆ.

"ಅಕ್ಕಾ, ನಾನು ಬಾಯಿಬಡುಕ, ಒಪ್ತೀನಿ," ಅವನು ಅವಳತ್ತ ತಿರುಗಿದ. "ನನ್ನ ಕುದುರೆ ಕುಂಟ್ತಿದೆ ಅಂತ ಅವ್ರು ಪುಸ್ತಕದಲ್ಲಿ ಬರೆದ್ರು, ಸಿಟ್ಟು ಬಂತು. ಆದ್ರೆ ಜೀವ ತೆಗೆಯೋ ಜಾತಿ ಅಲ್ಲ ನಾನು."

ಅವಳು ಪತ್ರಕರ್ತರ ಕೋಣೆಗೆ ಹೋಗಿ ಕುರ್ಚಿಯಲ್ಲಿ ಕುಸಿದಳು. ಕರವಸ್ತ್ರಕ್ಕೆಂದು ಕೋಟಿನ ಜೇಬಿಗೆ ಕೈ ಹಾಕಿದರೆ ಗಟ್ಟಿಯಾದದ್ದೇನೋ ತಾಗಿತು. ಮಾವನ ಗಡಿಯಾರ. ಅವರ ಮುಷ್ಟಿಯಿಂದ ಯಾವಾಗ ಬಿಡಿಸಿಕೊಂಡಳೋ ಅವಳಿಗೇ ತಿಳಿಯದು.

ಮುಳ್ಳು ಮೂವತ್ತೈದು ಸೆಕೆಂಡಿನ ಮೇಲೆ ನಿಂತಿತ್ತು.

ಟೈಮ್ ಬರೆದ ಮೇಲೆ ಮುಳ್ಳನ್ನು ಸೊನ್ನೆಗೆ ತರುವುದು ಮಾವನ ಅಭ್ಯಾಸ. ಅಂದರೆ ಒಂದು ಕುದುರೆಯನ್ನು ಅಳೆದಿದ್ದರು. ಸೊನ್ನೆಗೆ ತರುವಷ್ಟರಲ್ಲಿ ಯಾರೋ ಬಂದಿದ್ದರು. ತಾಲೀಮು ಶುರುವಾಗುವುದೇ ಆರಕ್ಕೆ. ಐದೂವರೆಗೆ ಸತ್ತವರು ಆರರ ಮೇಲಿನ ಓಟ ಅಳೆಯುವುದು ಹೇಗೆ?

ತಾಲೀಮಿನ ಪಟ್ಟಿ ತೆಗೆದಳು. ಮಂಜಿನ ದೆಸೆಯಿಂದ ಏಳಕ್ಕೆ ಮುಂಚೆ ಇಳಿದದ್ದು ಐದೇ ಕುದುರೆ. ಐದೂ ಮಧ್ಯಾಹ್ನದ ಕೊನೆಯ ರೇಸಿನವು. ಎಲ್ಲಕ್ಕೂ ಗೊತ್ತುಮಾಡಿದ್ದು ಆರುನೂರು ಮೀಟರು.

ಪ್ರತಿ ವಾರ ಮಾಡುವ ಕೆಲಸವನ್ನೇ ಮಾಡಿದಳು. ಒಂದೊಂದೇ ಕುದುರೆಯನ್ನು ತೂಗಿದಳು. ಇವತ್ತು ಹುಡುಕುತ್ತಿದ್ದುದು ಗೆಲ್ಲುವವನನ್ನಲ್ಲ, ಕೊಂದವನನ್ನು.

ಒಂದನೇ ನಂಬರು ಎಲ್ಲರ ಮೆಚ್ಚಿನದು. ಮೂವತ್ತೈದು ಓಡಿದರೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಇವತ್ತು ಅದು ಬರೀ ಹೆಜ್ಜೆ ಹಾಕಿತೆಂದು ಪಟ್ಟಿಯಲ್ಲೇ ಇತ್ತು. ಎರಡಕ್ಕೆ ವಯಸ್ಸಾಗಿದೆ, ದಮ್ಮಿದೆ, ವೇಗವಿಲ್ಲ. ಮೂರು ಒಂಟಿಯಾಗಿ ಓಡಲು ಹೆದರುವ ಹೆಣ್ಣುಕುದುರೆ, ಇನ್ನೊಂದು ಜೊತೆಗಿಲ್ಲದೆ ಕಾಲೇ ಎತ್ತದು; ಇವತ್ತು ಒಂಟಿಯಾಗೇ ಇಳಿದಿತ್ತು. ನಾಲ್ಕಕ್ಕೆ ಮುಂಗಾಲು ನೋವು. ಮಾವನ ಮಾತು ಸುಳ್ಳಾಗಿರಲಿಲ್ಲ.

ಉಳಿದದ್ದು ಐದು. ಏಳು ಸಲ ಓಡಿ ಏಳು ಸಲವೂ ಬಾಲದಲ್ಲೇ ಬಂದ ಕಂದು ಗಂಡು. ಅದರ ಅತ್ಯುತ್ತಮ ಟೈಮು ಮೂವತ್ತೊಂಬತ್ತು. ಬಾಜಿಯ ದರ ಒಂದಕ್ಕೆ ನಲವತ್ತು, ಗೆದ್ದರೆ ಕಟ್ಟಿದವರಿಗೆ ನಲವತ್ತು ಪಟ್ಟು ಹಣ.

ಒಂದು ವಾರದಲ್ಲಿ ಯಾವ ಕುದುರೆಯೂ ನಾಲ್ಕು ಸೆಕೆಂಡು ಸುಧಾರಿಸುವುದಿಲ್ಲ. ಕುದುರೆಯೇ ಬದಲಾಗಿರಬೇಕು!

ಹಾಗಾದರೆ ಬೇರೆ ಕುದುರೆಯನ್ನು ಐದೆಂದು ಓಡಲು ಬಿಡುವವರು ಯಾರು? ರೇಸಿಗೆ ಮುಂಚೆ ದಾಖಲೆ ಹಿಡಿದು, ಹಣೆಯ ಸುಳಿ ಎಣಿಸಿ, ಇದೇ ಆ ಕುದುರೆ ಎಂದು ಸಹಿ ಹಾಕುವವರು ಒಬ್ಬರೇ.

ಐದೂವರೆ ಎಂದು ಹೇಳಿದವರೂ ಅವರೇ.

ಬಾಗಿಲು ಸದ್ದಾಯಿತು. ಅವಳು ಗಡಿಯಾರವನ್ನು ತೊಡೆಯ ಕೆಳಗೆ ತುರುಕಿದಳು.

"ಒಬ್ಬಳೇ ಇದ್ದೀಯಾ ಮಗಳೇ?" ಕುದುರೆ ಡಾಕ್ಟರು ಒಳಗೆ ಬಂದು ಬಾಗಿಲು ಮುಂದಕ್ಕೆ ತಳ್ಳಿದರು. ಕೈಯಲ್ಲಿ ಔಷಧಿಯ ಪೆಟ್ಟಿಗೆ. "ಮಾವನ ಗಡಿಯಾರ ಕಾಣ್ತಿಲ್ಲವಂತಲ್ಲ. ನಿನ್ನ ಹತ್ರ ಇದ್ಯಾ?"

"ಇಲ್ಲ ಡಾಕ್ಟ್ರೇ."

"ಸಿಕ್ಕಿದ್ರೆ ನನಗೆ ಕೊಡು. ಪೊಲೀಸ್ರಿಗೆ ನಾನೇ ತಲುಪಿಸ್ತೀನಿ."

ಅವರು ಮೇಜಿನ ಮೇಲಿನ ಪಟ್ಟಿಯತ್ತ ಬಗ್ಗಿದರು. ಮೊದಲ ನಾಲ್ಕು ನಂಬರಿಗೂ ಗೀಟು ಎಳೆದಿತ್ತು. ಐದು ಹಾಗೇ ಇತ್ತು. ಅವರು ಅದನ್ನು ನೋಡಿದರು. ಆಮೇಲೆ ಅವಳನ್ನು ನೋಡಿದರು.

"ಇವತ್ತು ಯಾವುದು ಗೆಲ್ಲುತ್ತೆ ಅಂತೀಯಾ?"

"ಒಂದನೇ ನಂಬರೇ. ಇನ್ನೇನು? ನೋಡಿದ್ದಕ್ಕೆ ಗೀಟು ಹಾಕ್ತಿದ್ದೆ, ಐದರದ್ದು ನೋಡೋ ಅಷ್ಟರಲ್ಲಿ ಅಳು ಬಂತು, ಬಿಟ್ಟೆ." ನಿಜವಾಗಿಯೂ ಅತ್ತಳು. ಅಳು ಬರಿಸಿಕೊಳ್ಳಬೇಕಾಗಿರಲಿಲ್ಲ; ಭಯಕ್ಕೆ ತಾನಾಗಿ ಬಂತು.

ಅವರು ಅವಳ ಭುಜವನ್ನು ಎರಡು ಸಲ ತಟ್ಟಿದರು. ಮೂರನೇ ಸಲ ಕೈ ಅಲ್ಲೇ ನಿಂತಿತು. ಹೊರಗೆ ಯಾರೋ ಇಬ್ಬರು ಮಾತಾಡುತ್ತ ಹಾದುಹೋದರು. ಡಾಕ್ಟರು ಕೈ ತೆಗೆದು ಹೊರಟುಹೋದರು.

ಅವರ ಹೆಜ್ಜೆ ಸದ್ದು ದೂರವಾದ ಮೇಲೆ ಅವಳು ಗಡಿಯಾರ ತೆಗೆದುಕೊಂಡು ಇನ್‌ಸ್ಪೆಕ್ಟರ ಬಳಿಗೆ ಹೋದಳು.

*

ಕೊನೆಯ ರೇಸಿಗೆ ಮುಂಚೆ, ಕುದುರೆಗಳನ್ನು ಸುತ್ತು ಹಾಕಿಸುವ ಅಂಗಳದಲ್ಲಿ ಜನ ಕಿಕ್ಕಿರಿದಿದ್ದರು. ಡಾಕ್ಟರು ಐದನೇ ನಂಬರಿನ ದಾಖಲೆಗೆ ಸಹಿ ಹಾಕಲು ಪೆನ್ನು ತೆಗೆದರು.

"ಒಂದ್ನಿಮಿಷ," ಎಂದರು ಇನ್‌ಸ್ಪೆಕ್ಟರು. ಪಕ್ಕದಲ್ಲಿ ಅವಳು ನಿಂತಿದ್ದಳು. "ಈ ಕುದುರೆ ಹಣೇಲಿ ಎಷ್ಟು ಸುಳಿ?"

"ಎರಡು. ದಾಖಲೆಯಲ್ಲಿದೆ."

"ದಾಖಲೆ ಬೇಡ ಸಾರ್. ಹಣೆ ನೋಡಿ ಹೇಳಿ."

ಡಾಕ್ಟರು ನೋಡಲಿಲ್ಲ. ಇನ್‌ಸ್ಪೆಕ್ಟರ ಜೊತೆ ಬಂದಿದ್ದ ರೇಸಿನ ಮುಖ್ಯ ತೀರ್ಪುಗಾರರು ಕುದುರೆಯ ಮುಂಗೂದಲು ಸರಿಸಿದರು. ಒಂದೇ ಸುಳಿ.

"ತಪ್ಪು ನಂದೂ ಇದೆ," ಎಂದರು ಇನ್‌ಸ್ಪೆಕ್ಟರು. "ಡಾಕ್ಟ್ರು ಡಾಕ್ಟ್ರೇ ಅಂತ ನಿಮ್ಮ ಮಾತು ನಂಬ್ದೆ. ಗೇಟ್ ಪುಸ್ತಕದಲ್ಲಿ ನೀವು ಬಂದದ್ದು ಐದು ಐವತ್ತಕ್ಕೆ. ಅದಕ್ಕೇ ಸಾವು ಐದೂವರೆಗೆ ಆಗ್ಬೇಕಿತ್ತು, ಅಲ್ವಾ?"

"ಯಾರೋ ಹೇಳಿಕೊಟ್ಟ ಕಟ್ಟುಕಥೆ!"

"ಗಡಿಯಾರ ಹೇಳಿಕೊಡ್ತು," ಎಂದಳು ಅವಳು. "ಆರರ ಮೇಲೆ ಮಾವ ಈ ಕುದುರೆ ಅಳೆದ್ರು. ಮೂವತ್ತೈದು. ನೀವು ಮೇಲೆ ಹತ್ತಿ ಹೋದ್ರಿ. ಅವರು ನಿಮ್ಮನ್ನ ನಂಬಿ, ಇದು ಬೇರೆ ಕುದುರೆ ಅಂತ ನಿಮಗೇ ಹೇಳಿರ್ತಾರೆ. ಅದಕ್ಕೇ ಕೆಳಕ್ಕೆ ತಳ್ಳಿದ್ರಿ."

ಪೇದೆ ಔಷಧಿಯ ಪೆಟ್ಟಿಗೆ ತೆರೆದ. ಬ್ಯಾಂಡೇಜಿನ ಅಡಿಯಲ್ಲಿ ನೀಲಿ ರಟ್ಟಿನ ಪುಸ್ತಕ. ಇವತ್ತಿನ ಪುಟದಲ್ಲಿ ಟೈಮಿರಲಿಲ್ಲ. ಒಂದೇ ಸಾಲು: 'ಇದು ಐದಲ್ಲ. ಡಾಕ್ಟರಿಗೆ ತಿಳಿಸಬೇಕು.'

ಡಾಕ್ಟರ ಕೈಯಿಂದ ಪೆನ್ನು ಜಾರಿತು.

*

ಸಂಜೆ ಅವಳು ಮಾವನ ಮನೆಗೆ ಹೋದಳು. ಅತ್ತೆ ಅಡಿಗೆಮನೆಯ ಹೊಸ್ತಿಲ ಮೇಲೆ ಕೂತಿದ್ದರು. ಮಡಿಲಲ್ಲಿ ಮಾವನ ಕನ್ನಡಕದ ಡಬ್ಬಿ.

"ಇವತ್ತು ಮರೆತು ಹೋದ್ರು ಕಣೇ," ಎಂದರು. "ನಾನು ನೋಡಿದ್ದೆ. ಹಿಂದೆ ಓಡಿ ಹೋಗಿ ಕೊಡಬಹುದಿತ್ತು. ಚಳಿ ಅಂತ ಸುಮ್ಮನಾದೆ. ಕತ್ತಲಲ್ಲಿ ಮೆಟ್ಟಿಲು ಕಾಣದೆ..."

ಅವಳು ಪಕ್ಕದಲ್ಲಿ ಕೂತು ಅತ್ತೆಯ ಎರಡೂ ಕೈ ಹಿಡಿದುಕೊಂಡಳು.

"ಇಲ್ಲ ಅತ್ತೆ. ಮಾವ ಎಡವಲಿಲ್ಲ. ಅಷ್ಟು ಮಂಜಲ್ಲೂ, ಅಷ್ಟು ದೂರದಿಂದಲೂ, ಬೇರೆ ಯಾರಿಗೂ ಕಾಣದ್ದು ಅವರೊಬ್ಬರಿಗೇ ಕಂಡಿತ್ತು."