ಫರ್ಸಿ ಕಲ್ಲಿನ ಮೇಲೆ ಖಡಾ ದುಪಟ್ಟಾ

ಟ್ರಂಕಿನಲ್ಲಿ ಉಡುಪು ಇರಲಿಲ್ಲ.

ಫಿರ್ದೋಸ್ ಮುಚ್ಚಳ ಮುಚ್ಚಿ ಮತ್ತೆ ತೆಗೆದಳು. ಓಣಿಯ ಹಿರಿಯರಾದ ಹಸೀನಾಬೇಗಂ ತಮ್ಮ ಮದುವೆಯಲ್ಲಿ ತೊಟ್ಟಿದ್ದ ಮದುಮಗಳ ಜರಿ ಉಡುಪು, ಖಡಾ ದುಪಟ್ಟಾ, ಇಲ್ಲ. ಶುಕ್ರವಾರ ಅದನ್ನೇ ತೊಟ್ಟು ಅವರ ಮೊಮ್ಮಗಳು ನಿಕಾಹ್‌ಗೆ ಕೂರಬೇಕು. ಜೋಪಾನವಾಗಿ ಮರಳಿಸುವ ಮಾತು ಕೊಟ್ಟು, ಇವತ್ತಿನ ಫೋಟೋಶೂಟ್‌ಗೆಂದು ಫಿರ್ದೋಸ್ ನಿನ್ನೆಯೇ ಅದನ್ನು ತಂದು ಕಾರ್ಖಾನೆಯ ಆಫೀಸಿನಲ್ಲಿ ಇಟ್ಟಿದ್ದಳು.

ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗೆ ಪಾಲಿಶ್ ಮಾಡುವ ಶಹಾಬಾದಿನ ಆ ಕಾರ್ಖಾನೆ ಅವಳ ಮಾಮಾ ಬಂದೇಅಲಿಯದು. ಭಾನುವಾರ, ಮಷೀನುಗಳಿಗೆ ರಜೆ. ಎಎಸ್‌ಐ ಭುವನೇಶ್ವರಿಗೆ ರಜೆಯಿಲ್ಲ. ರಾತ್ರಿಯ ಬಂದೋಬಸ್ತ್ ಮುಗಿಸಿ ಮಲಗಬೇಕೆನ್ನುವಷ್ಟರಲ್ಲಿ ಕರೆ ಬಂದಿತ್ತು. ಕಣ್ಣು ಉರಿಯುತ್ತಿತ್ತು.

“ಇದೇನ್ ಸಿನಿಮಾನೇನವಾ?” ಎಂದು ಲೈಟುಗಳನ್ನು ನೋಡಿ ಫಿರ್ದೋಸ್‌ಳನ್ನು ಕೇಳಿದರು.

“ಅಲ್ರಿ ಮೇಡಂ, ಗ್ರಾಫಿಕ್ ಡಿಸೈನ್ ಓದಾಕತ್ತೀನಿ. ಕಡೀ ವರ್ಷದ ಪ್ರಾಜೆಕ್ಟ್. ಪ್ಲಾನು, ಪೋಸ್ಟರ್ ನಂದು. ಫೋಟೋ ಮಹೇಶಕುಮಾರಂದು. ಬಟ್ಟಿ ಎಲ್ಲಾ ಐಶ್ವರ್ಯ ನೋಡ್ತಾಳ, ತೊಡಾಕಿನೂ ಅಕಿನೇ. ರೊಕ್ಕ ಯಾರಿಗೂ ಇಲ್ರಿ. ಪೋಸ್ಟರ್ ಮ್ಯಾಲ ಹೆಸರು, ಅಷ್ಟ.”

ಮಹೇಶಕುಮಾರ ಆಗಲೇ ಲೈಟುಗಳನ್ನು ನಿಲ್ಲಿಸಿದ್ದ. ಬೆಳಗಿನ ರೈಲಿಗೆ ವಾಡಿಯಿಂದ ಎಲ್ಲರಿಗಿಂತ ಮೊದಲೇ ಬಂದಿದ್ದ ಐಶ್ವರ್ಯ, ಕಲ್ಲಿನ ರಾಶಿಯ ಮೇಲೆ ಫೋನು ಹಿಡಿದು ಕೂತಿದ್ದಳು.

“ಟ್ರಂಕಿನ್ಯಾಗ ಮತ್ತೇನಿತ್ತು?”

“ತಲಿಗಿ ಹಾಕ್ಕೊಳ್ಳೋ ಬೆಳ್ಳಿ ಝೂಮರ್. ಅದು ಹಂಗೇ ಅದ. ಜರಿ ಮುರೀಬಾರದಂತ ಸುತ್ತಿದ್ದ ತೆಳ್ಳನ ಮಲಮಲ್ ಬಟ್ಟಿನೂ ಇಲ್ಲ.”

*

“ರೇವಣಪ್ಪಂದೇ ಕೆಲಸ,” ಎಂದ ಬಂದೇಅಲಿ. “ನಿನ್ನಿ ಸಂಜಿ ಗಂಟು ಹೊತ್ಕೊಂಡು ಹೋಗಿದ್ದ.”

ಕಾವಲುಗಾರ ರೇವಣಪ್ಪನ ಮುಖ ಸಣ್ಣದಾಯಿತು. “ಮಗಳು ಬಾಣಂತಿ ಅದಾಳ್ರಿ. ಕೌದಿ ಒಯ್ದು ಕೊಟ್ಟೆ. ಚಿತ್ತಾಪುರಕ್ಕ ಫೋನ್ ಹಚ್ಚಿ ಕೇಳ್ರಿ.”

ಫೋನ್ ಹಚ್ಚಿದರು. ನಿಜವಾಗಿತ್ತು. ಬಂದೇಅಲಿ ಬೇರೆ ಕಡೆ ನೋಡತೊಡಗಿದ.

“ಆಫೀಸಿನ ಕೀಲಿ ಎಲ್ಲಿರ್ತದ?” ಎಂದರು ಭುವನೇಶ್ವರಿ.

“ಮೊಳಿಗೆ ತೂಗಹಾಕಿರ್ತೀವ್ರಿ. ಎಲ್ಲಾರಿಗೂ ಗೊತ್ತದ.”

*

ಭುವನೇಶ್ವರಿ ಐಶ್ವರ್ಯಳ ಪಕ್ಕ ಕೂತರು. ಕಾಲು ನೋಯುತ್ತಿತ್ತು.

“ಇಸ್ತ್ರಿ ಪೆಟ್ಟಿಗಿ ಎಲ್ಲವಾ?”

ಐಶ್ವರ್ಯ ಫೋನನ್ನು ಮಡಿಲಲ್ಲಿ ಬೋರಲು ಇಟ್ಟಳು.

“ಅಂವ ಲೈಟ್ ತಂದಾನ. ಅಕಿ ಲ್ಯಾಪ್‌ಟಾಪ್ ತಂದಾಳ. ಬಟ್ಟಿ ನೋಡಾಕಿ ನೀನು. ಸೂಜಿ ಇಲ್ಲ, ಪಿನ್ನಿಲ್ಲ, ಬರೇ ಕೈಲೆ ಬಂದಿ. ಇಸ್ತ್ರಿ ಮಾಡಾಕ ಬಟ್ಟಿ ಇರಂಗಿಲ್ಲಂತ ವಾಡಿ ಬಿಡೂಮೊದಲೇ ನಿನಗ ಗೊತ್ತಿತ್ತು. ಮಾರ್ಕೊಳ್ಳೋ ಕಳ್ಳ ಬೆಳ್ಳಿ ಬಿಡ್ತಿದ್ದಿಲ್ಲ. ಜರಿ ಮುರೀತದಂತ ಮಲಮಲ್ ಸುದ್ದಾ ಒಯ್ತಿದ್ದಿಲ್ಲ.”

ಐಶ್ವರ್ಯ ಆಫೀಸಿನ ಅಟ್ಟದ ಕಡೆ ಕೈ ತೋರಿಸಿದಳು. ಮಹೇಶಕುಮಾರ ಹತ್ತಿ ಗಂಟು ಇಳಿಸಿದ. ಒಂದು ಮಡಿಕೆಯೂ ಕೆಟ್ಟಿರಲಿಲ್ಲ.

“ಯಾಕ?” ಫಿರ್ದೋಸ್ ಗಂಟನ್ನು ಎದೆಗೆ ಅವಚಿಕೊಂಡಳು.

ಐಶ್ವರ್ಯ ಫೋನು ಚಾಚಿದಳು. ನಿನ್ನೆ ಮಧ್ಯಾಹ್ನ ಫಿರ್ದೋಸ್ ಕಳಿಸಿದ್ದ ಪೋಸ್ಟರ್. ಫೋಟೋದ ಜಾಗ ಖಾಲಿ. ಕೆಳಗೆ ಒಂದೇ ಹೆಸರು, ಫಿರ್ದೋಸ್.

“ಇಡೀ ಬ್ಯಾಸಿಗಿ ನಿನ್ನ ಬೆನ್ನ ಹಿಂದ ತಿರುಗೀನಿ. ಸೇಡಂ, ಚಿಂಚೋಳಿ ಎಲ್ಲಾ ಕಡಿ ಬಟ್ಟಿ ಹುಡುಕೀನಿ. ನಾನಿಲ್ಲದ ಪೋಸ್ಟರ್‌ಗೆ ನನ್ನ ಫೋಟೋ ಯಾಕ?”

“ನನ್ನ ಹೆಸರೂ ಇದ್ದಿಲ್ಲ,” ಎಂದ ಮಹೇಶಕುಮಾರ. “ಕಚ್ಚಾ ಅದ ಅಂದ್ಕೊಂಡೆ.”

“ಒಂದು ಮಾತು ಕೇಳಬೇಕಿತ್ತಲ್ಲೇ!” ಎಂದಳು ಫಿರ್ದೋಸ್.

“ಕೇಳಿ ಇಸ್ಕೊಳ್ಳೋ ಹೆಸರು ನನಗ ಬ್ಯಾಡಾಗಿತ್ತು.”

ಫಿರ್ದೋಸ್ ಲ್ಯಾಪ್‌ಟಾಪ್ ತೆರೆದಳು. ಪೋಸ್ಟರ್‌ನಲ್ಲಿ ಒಂದೊಂದೂ ಬೇರೆ ಬೇರೆ ಪದರ, ಅಂದರೆ ಲೇಯರ್. ಬಣ್ಣ ಸರಿಮಾಡುವಾಗ ಅಡ್ಡ ಬರುತ್ತದೆಂದು ತಂಡದ ಉಳಿದವರ ಹೆಸರುಗಳ ಲೇಯರನ್ನು ಮರೆಮಾಡಿದ್ದಳು. ಮತ್ತೆ ತೋರಿಸುವುದನ್ನು ಮರೆತು ಹಾಗೆಯೇ ಕಳಿಸಿಬಿಟ್ಟಿದ್ದಳು. ಈಗ ಅದನ್ನು ತೋರಿಸುವ ಗುಂಡಿ ಒತ್ತಿದಳು. ಐಶ್ವರ್ಯಳ ಹೆಸರು ಎಲ್ಲಕ್ಕಿಂತ ಮೇಲೆ, ಫಿರ್ದೋಸ್‌ಳ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಬಂತು.

ಐಶ್ವರ್ಯ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ಸುದ್ದಿ ಮುಟ್ಟಿ ಹಸೀನಾಬೇಗಂ ಬಂದರು. ಜರಿಯನ್ನು ಬೆರಳಿನಿಂದ ಸವರಿ ನೋಡಿ, ಮಲಮಲ್ ಸುತ್ತಿ ಬಗಲಿಗೆ ಇಟ್ಟುಕೊಂಡರು.

“ನಿಮ್ಮ ಮ್ಯಾಲ ಸಿಟ್ಟಿಲ್ಲ ಬೇಟಿ. ಆದ್ರ ಇನ್ನ ಇದು ಮನಿ ಬಿಟ್ಟು ಹೊರಗ ಬರಂಗಿಲ್ಲ.”

“ಕಂಪ್ಲೇಂಟ್ ಬರೀಲೇನವಾ?” ಎಂದು ಕೇಳಿದರು ಭುವನೇಶ್ವರಿ.

ಫಿರ್ದೋಸ್ ಬೇಡವೆಂದು ತಲೆಯಾಡಿಸಿದಳು. ಸಾಕಾಗಿಹೋಗಿತ್ತು ಅವಳಿಗೆ. ಮಹೇಶಕುಮಾರ ಲೈಟುಗಳನ್ನು ಒಂದೊಂದಾಗಿ ಮಡಚಿದ. ಲ್ಯಾಪ್‌ಟಾಪಿನಲ್ಲಿ ಪೋಸ್ಟರ್ ಹಾಗೆಯೇ ಇತ್ತು. ಎಲ್ಲರ ಹೆಸರೂ ಇತ್ತು, ಫೋಟೋ ಇರಲಿಲ್ಲ.