ಸುಂಕದ ಕಲ್ಲು

"ಅವ್ವ ಒಂದ ಮಾತು ಕೇಳ್ಯಾಳಕ್ಕ... ಮಾವ ಬಂದು ಕಲ್ಲಿನ ಮುಂದ ನಿಂತು, ನಾ ಓದಿದ್ದು ತಪ್ಪು ಅನ್ನಬೇಕಂತ. ಇಲ್ಲಾಂದ್ರ ನೀನೂ ಹೊಸ್ತಿಲ ತುಳೀಬ್ಯಾಡಂತ!"

ಕುರುಗೋಡಿನಿಂದ ತಮ್ಮ ತಿಪ್ಪೇಶ ಫೋನಿನಲ್ಲಿ ಹೇಳಿದ್ದನ್ನು ಕೇಳಿ ಪಂಪಾವತಿ ಉರಿಯುತ್ತಿದ್ದ ಒಲೆ ಆರಿಸಿದಳು. ಡಾಕ್ಟರು ಕೈಚೆಲ್ಲಿ ಮನೆಗೆ ಕಳಿಸಿದ ತಾಯಿ! ಎಂಟು ವರ್ಷದಿಂದ ಮಗಳ ಮುಖ ನೋಡದ ತಾಯಿ! ಸಾಯುವಾಗಲೂ ಈ ಹಟವೇ?

ಪಂಪಾವತಿಯ ಗಂಡ ಹೊನ್ನೂರಸ್ವಾಮಿ ಬಳ್ಳಾರಿಯ ಒಂದು ಸಣ್ಣ ಕ್ರೈಸ್ತ ಕಾಲೇಜಿನಲ್ಲಿ ಇತಿಹಾಸದ ಪ್ರೊಫೆಸರು. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತವನ ಮಗ, ತಾನು ಓದಿದ ಕಾಲೇಜಿನಲ್ಲೇ ಮೇಷ್ಟರಾಗಿ ತಲೆ ಹಣ್ಣಾಗಿಸಿಕೊಂಡಿದ್ದರು. ಬೆಳಗಿನ ಪ್ರಾರ್ಥನೆಗೆ ಎಲ್ಲರೊಂದಿಗೆ ಕಣ್ಣುಮುಚ್ಚಿ ನಿಂತು, ಆಮೇಲೆ ಬೆರಳೆಣಿಕೆಯ ಹುಡುಗರಿಗೆ ಪಾಠ. ಈಗಿನ ಕಾಲದಲ್ಲಿ ಇತಿಹಾಸ ಯಾರಿಗೆ ಬೇಕು ಹೇಳಿ! ಆದರೆ ಹೆತ್ತ ಮಕ್ಕಳಿಲ್ಲದ ಆ ಮನುಷ್ಯನಿಗೆ ಆ ಹುಡುಗರೇ ಮಕ್ಕಳಾಗಿದ್ದರು.

ಆ ಮಕ್ಕಳನ್ನು ಶಾಸನ ತೋರಿಸಲು ಕುರುಗೋಡಿಗೆ ಕರೆದೊಯ್ದದ್ದೇ ಕೇಡಾಯಿತು. ಅತ್ತೆ ವಿರೂಪಮ್ಮನ ಅಂಗಳದಲ್ಲಿ ಬೇವಿನ ಬುಡಕ್ಕೆ ಸುಂಕಲಮ್ಮ ದೇವಿಯ ಕಲ್ಲಿತ್ತು. ಅದರ ಪೂಜೆ ಅವಳದೇ. ಅಳಿಯ ನೀರು ಕೇಳಿದಾಗ ಅಭಿಷೇಕಕ್ಕೆಂದೇ ತಿಳಿದು, ಪಾಪ, ತಾನೇ ಕೊಡ ತುಂಬಿ ತಂದುಕೊಟ್ಟಳು. ಅಳಿಯ ಎಣ್ಣೆ ಅರಿಶಿನವನ್ನೆಲ್ಲ ತಿಕ್ಕಿ ತೊಳೆದು, ಅಡಿಯ ಅಕ್ಷರವನ್ನು ಎಲ್ಲರಿಗೂ ಕೇಳುವಂತೆ ಓದಿಬಿಟ್ಟರು. ಈ ದಾರಿಯಲ್ಲಿ ಸಾಗುವ ಎತ್ತಿನ ಹೇರಿಗೆ ಇಷ್ಟು, ಗಾಡಿಗೆ ಇಷ್ಟು ಎಂದು ಬರೆದ ಸುಂಕದ ಕಲ್ಲು ಅದು!

ಊರ ಬಾಗಿಲು ಹಾಕಬಹುದು, ಊರವರ ಬಾಯಿ ಮುಚ್ಚಲಾದೀತೇ? ವಿರೂಪಮ್ಮ ಅಂದಿನಿಂದ "ಟೋಲ್‌ಗೇಟ್ ಪೂಜಾರಮ್ಮ" ಆದಳು. ಹರಕೆ ಹೊರುವವರು ಬೇರೆ ಗುಡಿ ನೋಡಿಕೊಂಡರು. ಅವಳು ಅಳಿಯನ ಜೊತೆ ಮಗಳಿಗೂ ಬಾಗಿಲು ಹಾಕಿದಳು. ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳಲು ಹೊನ್ನೂರಸ್ವಾಮಿ ಒಪ್ಪಲಿಲ್ಲ. ಇಬ್ಬರ ನಡುವೆ ಅರೆದುಹೋದವಳು ಪಂಪಾವತಿ.

ಇವತ್ತೂ ಅವಳು ಬೇಡಲಿಲ್ಲ. "ನೀವು ಸುಳ್ಳು ಹೇಳೋರಲ್ಲ, ನಂಗೊತ್ತೈತಿ... ನನ್ನ ಹಣೇಬರ, ಬಿಡ್ರಿ," ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಹೊನ್ನೂರಸ್ವಾಮಿ ಗೋಡೆಯ ಗೂಟದಿಂದ ಅಂಗಿ ತೆಗೆದುಕೊಂಡರು. "ಸೀರಿ ಬದಲಿಸು ಪಂಪಾ. ಕುರುಗೋಡಿಗೆ ಹೋಗೂಣು."

ಅಂಗಳದ ಹೊರಸಿನ ಮೇಲೆ ವಿರೂಪಮ್ಮ ಮಲಗಿದ್ದಳು. ಎಲುಬು ಚರ್ಮ ಅಂಟಿಕೊಂಡಿದ್ದರೂ ಅಳಿಯನನ್ನು ಕಂಡಕೂಡಲೇ ತಲೆಯ ಮೇಲೆ ಸೆರಗೆಳೆದುಕೊಂಡಳು. ಓಣಿಯೇ ನೆರೆದಿತ್ತು.

"ತಿಪ್ಪೇಶ, ನಿಮ್ಮ ಮಾವಗ ಕೇಳಲೇ... ಕಲ್ಲಿನಾಗ ಯಾರದಾರ?"

"ತಾಯಿ ಅದಾಳ್ರಿ ಅತ್ತಿ... ನಾ ಓದಿದ್ದು ತಪ್ಪು."

"ಹಂಗಲ್ಲ! ಕಲ್ಲು ಮುಟ್ಟಿ ಆಣಿ ಮಾಡಂತ ಹೇಳು. ಮಕ್ಕಳು ಮಕ್ಕಳು ಅಂತಾನಲ್ಲ, ಆ ಸಾಲಿ ಹುಡುಗರ ಮ್ಯಾಲ!"

"ಯವ್ವಾ, ಬ್ಯಾಡಬೇ!" ಪಂಪಾವತಿ ಚೀರಿದಳು.

ಹೊನ್ನೂರಸ್ವಾಮಿ ಬಗ್ಗಿ ಕಲ್ಲು ಮುಟ್ಟಿದರು. ಅರಿಶಿನದಡಿಯ ಅಕ್ಷರಗಳು ಬೆರಳಿಗೆ ಹತ್ತಿದವು. "ನನ್ನ... ನನ್ನ ಸಾಲಿ ಮಕ್ಕಳಾಣಿ... ನಾ ಓದಿದ್ದು ತಪ್ಪು!" ಎಂದರು. ಆ ಕ್ಷಣ ಆ ಮನುಷ್ಯನ ಮುಖ ನೋಡಬಾರದಿತ್ತು.

ವಿರೂಪಮ್ಮ ಮೊದಲ ಸಲ ಅವರ ಕಡೆ ತಿರುಗಿ, "ಒಳಗ ಬಾರಪಾ," ಎಂದಳು. ಮಗಳ ತಲೆ ಎದೆಗೊತ್ತಿಕೊಂಡು ಅತ್ತಳು. ಮರುದಿನ ಮಗಳ ಕೈಯಿಂದಲೇ ನೀರು ಕುಡಿದು ಕಣ್ಣು ಮುಚ್ಚಿದಳು.

ತಿಪ್ಪೇಶ ಅವ್ವನ ಮರ್ಯಾದೆ ಉಳಿಯಲೆಂದು ಆ ಆಣೆಯನ್ನು ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಕಳಿಸಿದ್ದ; ಅದು ಕಾಲೇಜಿನ ಹುಡುಗರಿಗೂ ತಲುಪಿತ್ತು. ಅವನ ತಪ್ಪೆನ್ನಲಾದೀತೇ? ದಿನಕರ್ಮ ಮುಗಿಸಿ ಹೊನ್ನೂರಸ್ವಾಮಿ ಕ್ಲಾಸಿಗೆ ಬಂದಾಗ, ಸಿರಿಗೇರಿಯಿಂದ ದಿನಾ ಬಸ್ಸಿಗೆ ಬರುವ ಕಾವೇರಿ ಎದ್ದು ನಿಂತಳು.

"ಸರ್, ತಪ್ಪು ತಿಳ್ಕೋಬ್ಯಾಡ್ರಿ... ಆ ಕಲ್ಲಿನ ಬಗ್ಗೆ ಪರೀಕ್ಷೆದಾಗ ಯಾವುದು ಬರೀಬೇಕ್ರಿ? ನೀವು ಪಾಠ ಮಾಡಿದ್ದೋ, ಆಣಿ ಮಾಡಿದ್ದೋ?"

ಒಬ್ಬರೂ ನಗಲಿಲ್ಲ.

"ಪಾಠ ಮಾಡಿದ್ದು ಬರೀವಾ. ಆಣಿ... ಸುಳ್ಳು."

"ನಮ್ಮ ಮ್ಯಾಲ ಮಾಡಿದ್ರಲ್ರಿ ಸರ್..."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವಿತ್ತು. ಹೊನ್ನೂರಸ್ವಾಮಿ ಸೀಮೆಸುಣ್ಣ ಮೇಜಿನ ಮೇಲಿಟ್ಟು ಹೊರಬಂದರು. ರಾಜೀನಾಮೆ ಎಂದೊಡನೆ ಪ್ರಿನ್ಸಿಪಾಲ್ ಸಿಸ್ಟರ್ ಗಾಬರಿಯಾದರು. "ದೇವರು ಕ್ಷಮಿಸುತ್ತಾನೆ ಸರ್. ಕ್ಲಾಸಿಗೆ ಹೋಗಿ."

"ದೇವರು ಕ್ಷಮಿಸಬಹುದು ಸಿಸ್ಟರ್... ಆ ಹುಡುಗಿ ಮುಂದ ಮತ್ತ ಹೆಂಗ ನಿಂದರಲಿ?"

ಮನೆಯಲ್ಲಿ ಪಂಪಾವತಿ ಬೆರಗಾದಳು. "ಇಷ್ಟ ಲಗೂನ ಬಂದ್ರಿ?"

"ಸಾಲಿ ಮುಗೀತು ಪಂಪಾ. ಇನ್ನ ಹೋಗಂಗಿಲ್ಲ."

ಅವಳಿಗೆ ಎಲ್ಲ ತಿಳಿಯಿತು. "ನನ್ನ ಸಲುವಾಗಿ... ಅಯ್ಯೋ, ನನ್ನ ಸಲುವಾಗಿ!" ಎಂದು ಅವರ ಕಾಲ ಬಳಿ ಕೂತು ಬಿಕ್ಕಿದಳು.

"ಅವ್ವನ ಬಾಯಿಗೆ ನೀರು ಹಾಕಿದ್ಯಲ್ಲ? ಸಾಕು, ಅಳಬ್ಯಾಡ. ಏಳು, ಊಟಕ್ಕ ನೀಡು."

ಅವಳು ನೀಡಿದಳು. ಅನ್ನ ಆರುತ್ತಿತ್ತು, ಇಬ್ಬರೂ ಕೈ ಹಾಕಲಿಲ್ಲ.