ಕೆಂಪು ಚೌಕ ಕಾಣದ ಸಂಜೆ

"ಇದೇನಿದು? ಮೆಸೇಜು ಕಂಪ್ಯೂಟರ್ ಪರದೆ ಪೂರ್ತಿ ಮುಚ್ಚಿಬಿಟ್ಟಿದೆ! ಯಾರು ಮಾಡಿದ್ದು ಇದನ್ನ?"

ವೆನಿಂಗ್ ಕಿರುಚುತ್ತಲೇ ಕುರ್ಚಿ ತಿರುಗಿಸಿದಳು. ಹಿಂದೆಯೇ ಒಬ್ಬ ಬಗ್ಗಿ ನಿಂತಿದ್ದ. ಅವನ ಮೂಗಿಗೂ ಇವಳ ಮೂಗಿಗೂ ಗೇಣು ದೂರ!

"ನಾನೇ, ಮ್ಬಾಕ್," ಅಂದ ಅವನು ಗಡಿಬಿಡಿಯಲ್ಲಿ ಹಿಂದೆ ಸರಿದು, ಅಕ್ಕ ಅನ್ನುವ ಮರ್ಯಾದೆಯಲ್ಲಿ. "ಸೆನೊ ಅಂತ. ಹೊಸ ಟೆಕ್ನಿಶಿಯನ್."

ಹೆಗಲ ಮೇಲೆ ವೈರಿನ ಸುರುಳಿ, ಕೈಯಲ್ಲಿ ಸ್ಕ್ರೂಡ್ರೈವರ್, ಮುಖದ ತುಂಬ ನಗು. ಅವನಿಂದ ಹುರಿದ ಮೀನಿನ ವಾಸನೆ, ಸಂಬಲ್ ಚಟ್ನಿಯ ಘಾಟು ಸಣ್ಣಗೆ ಬರುತ್ತಿತ್ತು. ವೆನಿಂಗ್‌ಗೆ ಮಧ್ಯಾಹ್ನ ಊಟ ಬಿಟ್ಟಿದ್ದು ನೆನಪಾಯಿತು. ಜೊತೆಗೆ ಎದೆಯೊಳಗೆ ಇನ್ನೇನೋ ಒಂದು ಢವಗುಟ್ಟಿತು. ಅದಕ್ಕೆ ಹಸಿವು ಅಂತ ಹೆಸರಿಟ್ಟು ಸುಮ್ಮನಾದಳು, ಪೆದ್ದಿ!

ಜಾವಾದ ನಮ್ಮ ಸಲಾತಿಗಾ ಊರಿನ ಆ ಪುಟ್ಟ ರೇಡಿಯೋ ಸ್ಟೇಷನ್ನಿನಲ್ಲಿ ಸಂಜೆ ಹೊತ್ತು 'ಸಂಜೆ ಸಲಾಂ' ನಡೆಸುತ್ತಿದ್ದವಳು ವೆನಿಂಗ್. ಊರಿನವರೆಲ್ಲ ಒಬ್ಬರಿಗೊಬ್ಬರು ಸಲಾಂ ಕಳಿಸುತ್ತಾರೆ, ಜೊತೆಗೊಂದು ಹಾಡು ಕೇಳುತ್ತಾರೆ. ಯಾರೂ ಸ್ವಂತ ಹೆಸರು ಹಾಕುವುದಿಲ್ಲ. 'ಹಳದಿ ಹೆಲ್ಮೆಟ್ಟಿನವನಿಂದ ಬ್ಯಾಂಕಿನ ಮೂರನೇ ಕೌಂಟರಿಗೆ' ಅಂತೆಲ್ಲ ಬರುತ್ತೆ. ವೆನಿಂಗ್ ಅದನ್ನು ಓದುವ ಚೆಂದಕ್ಕೇ ಅರ್ಧ ಊರು ಸೂರ್ಯಾಸ್ತದ ಮಗ್ರಿಬ್ ಬಾಂಗಿನ ತನಕ ರೇಡಿಯೋ ಹಾಕಿಟ್ಟಿರುತ್ತಿತ್ತು.

"ಹಳೇ ಕಂಪ್ಯೂಟರಲ್ಲಿ ಒಂದು ಕಡೆ ಮೆಸೇಜು, ಒಂದು ಕಡೆ ಹಾಡಿನ ಪಟ್ಟಿ, ಮೂಲೆಯಲ್ಲಿ ಮೈಕಿನ ಕೆಂಪು ಚೌಕ. ಎಲ್ಲ ಒಟ್ಟಿಗೇ ಕಾಣ್ತಿತ್ತು," ಅಂದಳು. "ಈಗ ಮೆಸೇಜು ತೆರೆದ್ರೆ ಬೇರೇನೂ ಕಾಣಲ್ಲ!"

"ಹೊಸ ಆ್ಯಪ್‌ಗಳ ಚಾಳಿನೇ ಅದು, ಮ್ಬಾಕ್. ಬಸ್ಸಲ್ಲಿ ಮೂರು ಜನರ ಸೀಟಲ್ಲಿ ಕಾಲು ಚಾಚಿ ಮಲಗೋರ ಥರ. ಸರ್ಕೊಳ್ಳಿ ಅಂದ್ರೂ ಸರಿಯೋದಿಲ್ಲ." ಸೆನೊ ತಲೆ ಕೆರೆದುಕೊಂಡ. "ಆದ್ರೆ ಉಪಾಯ ಇದೆ. ಒಂದು ಸಣ್ಣ ಪ್ರೋಗ್ರಾಂ ಹಾಕಿದ್ರೆ ಇದೂ ಒಂದು ಕಿಟಕಿಯೊಳಗೆ, ವಿಂಡೋ ಅಂತೀವಲ್ಲ, ಕೂರುತ್ತೆ. ಅಂಚು ಹಿಡಿದು ಎಳೆದು ಬೇಕಾದಷ್ಟು ಚಿಕ್ಕದು ಮಾಡ್ಕೋಬಹುದು. ಆಗ ಕೆಂಪು ಚೌಕ ಕಾಣುತ್ತೆ. ಈಗಲೇ ಹಾಕ್ಲಾ?"

ಮೈಕ್ ತೆರೆದಿದೆ ಅಂತ ಹೇಳುವುದು ಆ ಕೆಂಪು ಚೌಕ ಒಂದೇ. ಹೂಂ ಅನ್ನಬೇಕಿತ್ತು ವೆನಿಂಗ್. ಬಾಯಿ ತೆರೆದಳು ಕೂಡ.

ಆದರೆ ಪರದೆ ತುಂಬಿದ ಅಕ್ಷರಗಳು... ಎಷ್ಟು ದಪ್ಪ, ಎಷ್ಟು ಸಲೀಸು! ಬ್ಯಾಗಿನ ತಳದಲ್ಲಿ ಒಂದು ಕನ್ನಡಕ ಬಚ್ಚಿಟ್ಟುಕೊಂಡಿದ್ದಳು. ದಪ್ಪ ಗಾಜಿನದು. ಹಾಕಿಕೊಂಡರೆ ಕಣ್ಣು ಕಪ್ಪೆಯ ಕಣ್ಣಾಗುತ್ತೆ ಅನ್ನುವುದು ಅವಳ ನಂಬಿಕೆ. ಕಿಟಕಿ ಚಿಕ್ಕದಾದರೆ ಅಕ್ಷರ ಚಿಕ್ಕದಾಗುತ್ತೆ, ಆಮೇಲೆ ಕನ್ನಡಕ ತೆಗೆಯಬೇಕು... ಇವನ ಎದುರಿಗೆ? ಸತ್ತರೂ ಇಲ್ಲ!

"ಕಿಟಕಿ ಗಿಟಕಿ ಏನೂ ಬೇಡ," ಅಂದಳು ಬಿಗಿಯಾಗಿ. "ವರ್ಷಗಟ್ಟಲೆ ಮೈಕ್ ಮುಂದೆ ಕೂತವಳು ನಾನು. ತೆರೆದಿದೆಯೋ ಮುಚ್ಚಿದೆಯೋ ನಂಗೆ ಗೊತ್ತಾಗುತ್ತೆ."

"ನಿಮ್ಮಿಷ್ಟ, ಮ್ಬಾಕ್," ಅಂದ ಸೆನೊ. "ಬೇಕಾದಾಗ ಹೇಳಿ."

ಅವಳು ಹೇಳಲಿಲ್ಲ.

ಆಮೇಲೆ ಅವನು ದಿನಾ ಏನಾದರೊಂದು ನೆಪ ಮಾಡಿಕೊಂಡು ಸ್ಟುಡಿಯೋಗೆ ಬರತೊಡಗಿದ. ವೈರು ನೋಡಬೇಕು, ಪ್ಲಗ್ಗು ನೋಡಬೇಕು. ಅವನು ಮ್ಬಾಕ್ ಅಂದರೆ ಇವಳೂ ಅಷ್ಟೇ ಮರ್ಯಾದೆಯಿಂದ ಮಾಸ್ ಅನ್ನುತ್ತಿದ್ದಳು. ವೆನಿಂಗ್ ಕೂಡ ಅವನ ಹೆಜ್ಜೆ ಕೇಳಿದ ಕೂಡಲೇ ಕೂದಲು ಸರಿಮಾಡಿಕೊಳ್ಳುತ್ತಿದ್ದಳು. ಇಬ್ಬರಿಗೂ ಗೊತ್ತು, ಇಬ್ಬರೂ ಗೊತ್ತಿಲ್ಲದ ಹಾಗೆ ಇದ್ದರು.

ವೆನಿಂಗ್‌ಗೆ ಆ ಊರಲ್ಲಿ ತನ್ನವರು ಅಂತ ಯಾರೂ ಇರಲಿಲ್ಲ. ಬಾಡಿಗೆ ಕೋಣೆ, ಒಂದು ಹಾಸಿಗೆ. ತಾಯಿ ಹೋಗಿ ಎಷ್ಟೋ ಕಾಲವಾಗಿತ್ತು. ಆದರೆ ಕೇಳುಗರಲ್ಲಿ ಒಬ್ಬರಿದ್ದರು. ಅವರು ಇಟ್ಟುಕೊಂಡ ಹೆಸರು 'ದೀಪದ ಕೆಳಗಿನವರು'. ಎಷ್ಟೋ ತಿಂಗಳಿಂದ ಒಂದು ಸಂಜೆಯೂ ತಪ್ಪಿಸಿರಲಿಲ್ಲ.

'ದೀಪದ ಕೆಳಗಿನವರಿಂದ ವೆನಿಂಗ್‌ಗೆ ಸಲಾಂ. ಗಂಟಲು ಕಟ್ಟಿದೆಯಲ್ಲ, ಶುಂಠಿ ನೀರು ಕುಡಿ ಮಗಳೇ.'

ಆ ಮೆಸೇಜು ಬಂದ ದಿನ ಅವಳು ಹಾಡು ಮುಗಿಯುವ ತನಕ ಅತ್ತಿದ್ದಳು. ಅವರು ಯಾರು, ಗಂಡಸೋ ಹೆಂಗಸೋ, ಕೇಳುವ ಧೈರ್ಯವಾಗಿರಲಿಲ್ಲ. ಕೇಳಿದರೆ ಎಲ್ಲಿ ನಿಂತುಹೋಗುತ್ತೋ ಅನ್ನುವ ಭಯ.

ಆ ದರಿದ್ರ ಸಂಜೆ ಬಂದೇ ಬಂತು.

ಸಲಾಂ ಓದಿ ಹಾಡು ಹಾಕಿ, ವೆನಿಂಗ್ ಹೆಡ್‌ಫೋನ್ ತೆಗೆದಿಟ್ಟಳು. ಮುಂದಿನ ಕಾರ್ಯಕ್ರಮ ನಡೆಸುವ ತಾತಿಕ್ ಕಡಲೆಕಾಯಿ ಮೆಲ್ಲುತ್ತಾ ಒಳಗೆ ಬಂದಳು.

"ಏನೇ, ಕೆನ್ನೆ ಕೆಂಪಗಿದೆ? ಮಾಸ್ ಸೆನೊ ಈಗ ತಾನೇ ಹೋದ ಅಂತ ಕಾಣುತ್ತೆ!"

"ಥೂ, ಸುಮ್ನಿರೇ!"

"ಬಚ್ಚಿಡಬೇಡ. ಅವನ ಹೆಸರು ಹೇಳಿದ್ರೇ ಬೆವರ್ತೀಯ. ಪ್ರೀತಿ ತಾನೇ? ಒಪ್ಕೊ!"

ಸಿಕ್ಕಿಬಿದ್ದೆ ಅನ್ನಿಸಿತು ವೆನಿಂಗ್‌ಗೆ. ನಾಚಿಕೆಗೆ ಮೈ ಬಿಸಿಯಾಯಿತು. ಸಿಕ್ಕಿಬಿದ್ದವರ ಬಾಯಲ್ಲಿ ಏನು ಬರುತ್ತೆ ಅಂತ ಅವರಿಗೇ ಗೊತ್ತಿರೋದಿಲ್ಲ.

"ಪ್ರೀತಿನಾ? ಅವನನ್ನಾ? ಹತ್ತಿರ ಬಂದ್ರೆ ಮೀನಿನ ವಾಸನೆ ಹೊಡೆಯುತ್ತೆ ಕಣೇ! ಅವನಮ್ಮ ರಸ್ತೆ ಬದಿ ಮೀನು ಹುರಿದು ಮಾರ್ತಾಳಂತೆ. ನಾನು ಹೋಗಿ ಆ ಎಣ್ಣೆ ಬಾಣಲೆ ಮುಂದೆ ಸೊಸೆ ಅಂತ ಕೂರ್ಬೇಕಾ? ನನ್ನ ದನಿಗೆ ಊರೇ ಸೋತಿದೆ, ನಂಗೆ ಅಂಥ ಗತಿ ಬಂದಿಲ್ಲ!"

ತಾತಿಕ್ ನಕ್ಕಳು. ವೆನಿಂಗ್ ಕೂಡ ನಕ್ಕಳು.

ಆಗ ಪರದೆ ಮೇಲೆ ಒಂದು ಮೆಸೇಜು ಬಿತ್ತು. ಪರದೆ ತುಂಬಿದ ದಪ್ಪ ಅಕ್ಷರ.

'ಮ್ಬಾಕ್, ಮೈಕ್ ಮುಚ್ಚಿಲ್ಲ!'

ಅದರ ಬೆನ್ನಿಗೆ ಇನ್ನೊಂದು. 'ಎಲ್ಲ ಕೇಳಿಸ್ತಿದೆ!' ಮತ್ತೊಂದು. 'ಛೀ, ಇಂಥವಳಾ ನೀನು?' ಒಂದರ ಮೇಲೊಂದು, ಒಂದರ ಮೇಲೊಂದು... ಕನ್ನಡಕವೇ ಬೇಡದಷ್ಟು ದೊಡ್ಡದಾಗಿ ಅವಳ ಮಾನ ಹೋಗುತ್ತಿತ್ತು.

ಅಯ್ಯೋ ದೇವರೇ! ಆ ಮೆಸೇಜುಗಳ ಹಿಂದೆ, ಕಾಣದ ಮೂಲೆಯಲ್ಲಿ, ಕೆಂಪು ಚೌಕ ಉರಿಯುತ್ತಲೇ ಇತ್ತು.

ಸ್ಟೇಷನ್ನಿನ ಒಡತಿ ಬು ಹರ್ತಿನಿ, ಅಂದರೆ ಹರ್ತಿನಿ ಅಮ್ಮ, ಬಿರುಗಾಳಿಯ ಹಾಗೆ ಬಂದರು.

"ಏನು ವೆನಿಂಗ್ ಇದು? ಮೈಕ್ ನೋಡ್ಲಿಲ್ವಾ?"

"ಕಾಣ್ಲಿಲ್ಲ ಬು... ಮೆಸೇಜು ಪರದೆ ಪೂರ್ತಿ ಮುಚ್ಚಿತ್ತು..."

"ಪರದೆ ಮುಚ್ಚೋ ಹಾಗೆ ಯಾರಿಟ್ಟಿದ್ದು? ಸೆನೊ!"

ಅವನು ಬಾಗಿಲಲ್ಲೇ ನಿಂತಿದ್ದ. ಹೊರಗಿನ ರೇಡಿಯೋದಲ್ಲಿ ಎಲ್ಲ ಕೇಳಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ. ಅವನು ವೆನಿಂಗ್ ಕಡೆ ನೋಡಿದ.

'ಹೇಳು,' ಅಂತಿತ್ತು ಅವಳ ಮನಸ್ಸು. 'ಅವನು ಕಿಟಕಿ ಹಾಕ್ತೀನಿ ಅಂದ, ನಾನೇ ಬೇಡ ಅಂದೆ ಅಂತ ಹೇಳು!'

ಆದರೆ ಅವಳು ತಲೆ ತಗ್ಗಿಸಿದಳು. ಅಷ್ಟೇ ಸಾಕಾಯಿತು.

"ತಪ್ಪು ನಂದೇ, ಬು," ಅಂದ ಸೆನೊ ನಿಧಾನವಾಗಿ.

"ಹಾಗಾದ್ರೆ ನಾಳೆಯಿಂದ ಬರ್ಬೇಡ!"

ಅವನು ವೈರಿನ ಸುರುಳಿ ಮೇಜಿನ ಮೇಲಿಟ್ಟು ಹೊರಟುಹೋದ. ಅವಳ ಕಡೆ ಇನ್ನೊಮ್ಮೆ ನೋಡಲೂ ಇಲ್ಲ.

ಮರುದಿನ ವೆನಿಂಗ್ ಮೈಕ್ ಮುಂದೆ ಕೂತಳು. ಸಲಾಂಗಳು ಬಂದವು, ಬೈಗುಳಗಳೂ ಬಂದವು. 'ದೀಪದ ಕೆಳಗಿನವರು' ಮಾತ್ರ ಬರಲಿಲ್ಲ. ಅದರ ಮರುದಿನವೂ ಇಲ್ಲ. ಬೈದಿದ್ದರೂ ಚೆನ್ನಾಗಿತ್ತು...

ರಾತ್ರಿ ನಿದ್ದೆಯಿಲ್ಲ, ಊಟ ಬೇಡ. ಕನ್ನಡಿಯಲ್ಲಿ ತನ್ನ ಮುಖ ನೋಡಲು ಅಸಹ್ಯ. ನಾನು ಯಾರನ್ನ ಪ್ರೀತಿಸ್ತೀನೋ ಅವನನ್ನೇ ಊರ ಮುಂದೆ ಹೀಯಾಳಿಸಿದೆ. ಸಾಲದು ಅಂತ ಅವನ ಕೆಲಸಾನೂ ಕಳೆದೆ. ಎಲ್ಲ ಯಾತಕ್ಕೆ? ಒಂದು ಕನ್ನಡಕಕ್ಕೆ!

ಕೊನೆಗೆ ಬು ಹರ್ತಿನಿ ಮುಂದೆ ಹೋಗಿ ನಿಂತು ಎಲ್ಲ ಹೇಳಿಬಿಟ್ಟಳು. ಕನ್ನಡಕವನ್ನೂ ತೆಗೆದು ಮೇಜಿನ ಮೇಲಿಟ್ಟಳು.

ಬು ಹರ್ತಿನಿ ಕನ್ನಡಕವನ್ನು ಅವಳ ಕಡೆಗೇ ವಾಪಸ್ ತಳ್ಳಿದರು.

"ಮೈಕಲ್ಲಿ ಆಡಿದ್ದನ್ನ ಬಾಯಿ ಜಾರಿದ್ದು ಅನ್ಕೊಂಡಿದ್ದೆ," ಅಂದರು. "ಆದ್ರೆ ಬಾಗಿಲಲ್ಲಿ ನಿಂತವನನ್ನ ನೋಡ್ಕೊಂಡೇ ಸುಮ್ನಿದ್ಯಲ್ಲ, ಅದಕ್ಕೇನಂತೀಯ? ನಡಿ. ಅವನನ್ನ ಕರ್ಕೊಂಡು ಬಾರದೆ ಆ ಕುರ್ಚಿ ಮುಟ್ಟಬೇಡ."

ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಪೆಚೆಲ್ ಲೆಲೆ, ಅಂದರೆ ಹುರಿದ ಮೀನು-ಸಂಬಲ್, ಮಾರುವ ಡೇರೆಗಳು ಸಾಲಾಗಿದ್ದವು. ಎಲ್ಲ ಕಡೆ ಮೀನು ಎಣ್ಣೆಯಲ್ಲಿ ಚೊಂಯ್ ಅನ್ನುತ್ತಿತ್ತು. ಸೆನೊನ ತಾಯಿಯ ಡೇರೆ ಯಾವುದು ಅಂತ ಕೇಳುತ್ತಾ ಹೋದಳು. ಕೊನೆಯದು ಅಂತ ತೋರಿಸಿದರು.

ಅಲ್ಲಿಗೆ ಹೋದವಳು ಹಾಗೇ ನಿಂತಳು. ಡೇರೆ ಬೀದಿ ದೀಪದ ಕಂಬಕ್ಕೇ ಕಟ್ಟಿತ್ತು. ಕಂಬದಲ್ಲಿ ಒಂದು ಹಳೇ ರೇಡಿಯೋ ತೂಗುತ್ತಿತ್ತು, ಬಾಯಿ ಮುಚ್ಚಿಕೊಂಡು. ಬಾಣಲೆ ಹಿಂದೆ ಕೂತ ಹೆಂಗಸಿನ ಮಡಿಲಲ್ಲಿ ಸವೆದ ಗುಂಡಿಗಳ ಒಂದು ಫೋನು.

ದೀಪದ ಕೆಳಗಿನವರು...

ವೆನಿಂಗ್‌ಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಓಡಿಹೋಗಬೇಕು ಅಂತ ತಿರುಗಿದಳು.

"ಎಷ್ಟು ಮೀನು ಬೇಕಮ್ಮಾ?" ಅಂದರು ಆ ತಾಯಿ, ಬು ಸುಮಿರಾ.

"ನಾನು... ಬು, ನಾನು..."

ಮೀನು ತಿರುವುತ್ತಿದ್ದ ಕೈ ನಿಂತಿತು.

"ಈ ದನಿ ನಂಗೆ ಗೊತ್ತು," ಅಂದರು ಬು ಸುಮಿರಾ. "ವೆನಿಂಗ್."

ವೆನಿಂಗ್ ನೆಲದ ಮೇಲೆ ಕುಸಿದು ಕೂತಳು. "ಕ್ಷಮಿಸಿ ಬು! ನಾಳೆ ರೇಡಿಯೋದಲ್ಲೇ ಕ್ಷಮೆ ಕೇಳ್ತೀನಿ, ಊರೆಲ್ಲ ಕೇಳೋ ಹಾಗೆ..."

"ಬೇಡ!" ಅವರ ದನಿ ಗಡುಸಾಯಿತು. "ನಮ್ಮನ್ನ ಇನ್ನೊಂದು ಸಲ ರೇಡಿಯೋಗೆ ಹಾಕ್ಬೇಡ ತಾಯಿ. ಒಂದು ಸಲ ಹಾಕಿದ್ದೇ ಸಾಕು. ಹೇಳೋದಿದ್ರೆ ಇಲ್ಲೇ ಹೇಳು, ನನ್ನ ಮುಖ ನೋಡ್ಕೊಂಡು."

ವೆನಿಂಗ್ ತಲೆಯೆತ್ತಿದಳು. ಅದಕ್ಕಿಂತ ಕಷ್ಟದ ಕೆಲಸ ಅವಳು ಜೀವನದಲ್ಲಿ ಮಾಡಿರಲಿಲ್ಲ.

"ತಪ್ಪು ಮಾಡಿದೆ. ನಿಮ್ಮ ಬಗ್ಗೆ ಕೀಳಾಗಿ ಮಾತಾಡಿದೆ. ಆಮೇಲೆ ನಿಮ್ಮ ಮಗನ ಮೇಲೆ ತಪ್ಪು ಬೀಳೋವಾಗ ಸುಮ್ನಿದ್ದೆ."

"ಮೀನು ಹುರಿದ್ರೆ ಮೀನಿನ ವಾಸನೆನೇ ಬರೋದು, ಮಲ್ಲಿಗೆ ವಾಸನೆ ಬರುತ್ತಾ? ಅದಕ್ಕೆ ನಂಗೆ ಬೇಜಾರಿಲ್ಲ." ಬು ಸುಮಿರಾ ಸೆರಗಿನ ಚುಂಗಲ್ಲಿ ಕಣ್ಣೊತ್ತಿಕೊಂಡರು. "ನೀನು ಮಾತಾಡೋವಾಗ ಗಿರಾಕಿಗಳಿಗೆ ಹೇಳ್ತಿದ್ದೆ, 'ಕೇಳಿ ಕೇಳಿ, ನಮ್ಮ ಮಗಳು' ಅಂತ. ಅವತ್ತೂ ಹಾಗೇ ಅಂದು, ಜೋರಾಗಿ ಹಾಕಿದ್ದೆ..."

ವೆನಿಂಗ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ಇದಕ್ಕೆ ಯಾವ ಕ್ಷಮೆ ಸಾಲುತ್ತೆ, ಹೇಳಿ?

ಮಂಜುಗಡ್ಡೆಯ ಚೀಲ ಹೊತ್ತು ಬಂದ ಸೆನೊ ಅವಳನ್ನು ಕಂಡು ಅಲ್ಲೇ ನಿಂತ.

"ಇಲ್ಲಿಗ್ಯಾಕೆ ಬಂದ್ರಿ, ಮ್ಬಾಕ್? ವಾಸನೆ ಹತ್ತುತ್ತೆ."

ಆ ಮಾತು ಚುಚ್ಚಿತು. ಚುಚ್ಚಲಿ ಅಂದುಕೊಂಡಳು.

"ಬು ಹರ್ತಿನಿಗೆ ನಿಜ ಹೇಳಿದೀನಿ, ಮಾಸ್. ಅವರು ವಾಪಸ್ ಕರೀತಿದ್ದಾರೆ."

"ಒಂದು ಮಾತು ಕೇಳ್ತೀನಿ," ಅಂದ ಅವನು. "ಅವತ್ತು ಕಿಟಕಿ ಯಾಕೆ ಬೇಡ ಅಂದ್ರಿ?"

ಅವಳು ಬ್ಯಾಗು ತೆರೆದು ಕನ್ನಡಕ ಹಾಕಿಕೊಂಡಳು. ಗಾಜಿನ ಹಿಂದೆ ಕಣ್ಣು ದೊಡ್ಡದಾಗಿ, ಕೆಂಪಗೆ, ನೀರು ತುಂಬಿ ಕಂಡಿತು.

"ಇದನ್ನ ನಿಮ್ಮೆದುರಿಗೆ ಹಾಕ್ಕೊಳ್ಳೋಕೆ ನಾಚ್ಕೆ ಆಗ್ತಿತ್ತು. ನೀವು ನಗ್ತೀರ ಅಂತ..."

ಸೆನೊ ನಗಲಿಲ್ಲ. ನಕ್ಕಿದ್ದು ಅವನಮ್ಮ! ಅಳುತ್ತಲೇ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಇಷ್ಟಕ್ಕಾ! ಅಯ್ಯೋ ಹುಚ್ಚು ಹುಡುಗಿ! ಏಳು, ನೆಲದ ಮೇಲೆ ಕೂರ್ಬೇಡ. ಮುಖ ನೋಡಿದ್ರೆ ಊಟ ಮಾಡಿ ಎಷ್ಟು ದಿನ ಆಯ್ತೋ!"

ಬಿಸಿ ಅನ್ನ, ಗರಿಗರಿ ಮೀನು, ಪಕ್ಕದಲ್ಲಿ ಕೆಂಪು ಸಂಬಲ್. ವೆನಿಂಗ್ ಕೈಯಲ್ಲಿ ಕಲಸಿ ತಿಂದಳು. ಕಣ್ಣಲ್ಲಿ ನೀರು ಸುರಿಯುತ್ತಲೇ ಇತ್ತು.

"ಖಾರ ಜಾಸ್ತಿ ಆಯ್ತಾ?" ಅಂದ ಸೆನೊ ಬೇರೆ ಕಡೆ ನೋಡುತ್ತಾ.

"ಹೂಂ," ಅಂದಳು. "ಖಾರಕ್ಕೆ."

ಅವನು ನೀರಿನ ಲೋಟ ಅವಳ ಕಡೆ ಸರಿಸಿದ. "ನಂಗಿನ್ನೂ ಕೋಪ ಇದೆ."

"ಇರ್ಲಿ. ಎಷ್ಟು ದಿನ ಬೇಕಾದ್ರೂ ಇರ್ಲಿ."

ಕೋಪ ಸಾಕಷ್ಟು ದಿನವೇ ಇತ್ತು. ಸೆನೊ ಕೆಲಸಕ್ಕೆ ಬಂದ, ಆದರೆ ವೈರಿನ ಜೊತೆ ಮಾತ್ರ ಮಾತು. ವೆನಿಂಗ್ ದೂರಲಿಲ್ಲ. ದಿನಾ ಕಾರ್ಯಕ್ರಮ ಮುಗಿಸಿ ನೆಟ್ಟಗೆ ಡೇರೆಗೆ ಹೋಗಿ ತಟ್ಟೆ ತೊಳೆದು ಕೊಡುತ್ತಿದ್ದಳು. ಗುರುತು ಹಿಡಿದ ಗಿರಾಕಿಗಳು ಮೊದಮೊದಲು ಕುಹಕವಾಡಿದರು. "ಏನಮ್ಮ, ಎಣ್ಣೆ ಬಾಣಲೆ ಮುಂದೆ ಕೂರಲ್ಲ ಅಂದಿದ್ರಿ?" ಅವಳು ತಲೆ ತಗ್ಗಿಸದೆ, "ಬುದ್ಧಿ ಇರ್ಲಿಲ್ಲ ಅಣ್ಣ," ಅನ್ನುತ್ತಿದ್ದಳು. ಪ್ರತಿ ಸಲವೂ ಮುಖ ಸುಡುತ್ತಿತ್ತು. ಕಂಬದ ಆ ರೇಡಿಯೋ ಮಾತ್ರ ಇನ್ನೂ ಬಾಯಿ ಬಿಟ್ಟಿರಲಿಲ್ಲ.

ಒಂದು ಸಂಜೆ, ಹಾಡೊಂದು ಹೋಗುತ್ತಿದ್ದಾಗ, ಸೆನೊ ಸ್ಟುಡಿಯೋಗೆ ಬಂದು ಅವಳ ಹಿಂದೆ ನಿಂತ. ಮೊದಲ ದಿನದ ಹಾಗೇ.

"ಕಿಟಕಿ ಹಾಕ್ಲಾ?"

"ಹಾಕಿ," ಅಂದಳು. ಕನ್ನಡಕ ಆಗಲೇ ಮೂಗಿನ ಮೇಲಿತ್ತು.

ಅವನು ಏನೇನೋ ಒತ್ತಿದ. ಪರದೆ ತುಂಬ ಕಾಲು ಚಾಚಿದ್ದ ಮೆಸೇಜು ಥಟ್ಟನೆ ಕುಗ್ಗಿ ಒಂದು ಕಿಟಕಿಯೊಳಗೆ ಕೂತಿತು. ಅದರ ಹಿಂದಿನಿಂದ ಹಾಡಿನ ಪಟ್ಟಿ ಬಂತು. ಮೂಲೆಯ ಚೌಕ ಬಂತು.

"ಅಂಚು ಹಿಡ್ಕೊಳ್ಳಿ. ಎಳೀರಿ," ಅಂದ ಅವನು. "ಚಿಕ್ಕದಾಯ್ತಾ? ಓದೋಕೆ ಬರುತ್ತಾ?"

"ಸ್ವಲ್ಪ ದೊಡ್ಡದು ಬೇಕು..."

ಅವಳ ಕೈಯ ಮೇಲೆ ಅವನ ಕೈ ಬಂತು. ಇಬ್ಬರೂ ಸೇರಿ ಕಿಟಕಿಯನ್ನು ಎಳೆದು, ಚೌಕದ ಹತ್ತಿರಕ್ಕೆ ತಂದು ನಿಲ್ಲಿಸಿದರು. ಕೈ ಮಾತ್ರ ಯಾರೂ ತೆಗೆಯಲಿಲ್ಲ.

ಆಗ ಆ ಪುಟ್ಟ ಕಿಟಕಿಯೊಳಗೆ ಒಂದು ಸಾಲು ಮೂಡಿತು.

'ದೀಪದ ಕೆಳಗಿನವರಿಂದ ವೆನಿಂಗ್‌ಗೆ ಸಲಾಂ. ಮೀನು ತೆಗೆದಿಟ್ಟಿದೀನಿ ಮಗಳೇ. ಅವನ ಕೋಪ ಇಳಿದಿದ್ರೆ ಅವನನ್ನೂ ಕರ್ಕೊಂಡು ಬಾ.'

ವೆನಿಂಗ್ ಅದನ್ನು ಮತ್ತೆ ಮತ್ತೆ ಓದಿದಳು. ಕನ್ನಡಕ ಮಸುಕಾಯಿತು.

"ಮಾಸ್... ಆ ಚೌಕ ಯಾವ ಬಣ್ಣ ಇದೆ ನೋಡಿ. ನಂಗೆ ಕಾಣ್ತಿಲ್ಲ."

"ಬೂದು. ಮೈಕ್ ಮುಚ್ಚಿದೆ."

"ಸರಿಯಾಗಿ ನೋಡಿ ಹೇಳಿ."

"ಸರಿಯಾಗೇ ನೋಡಿದೆ. ಯಾರಿಗೂ ಕೇಳ್ಸಲ್ಲ."

"ಹಾಗಾದ್ರೆ ಕೇಳಿ." ಅವಳು ಅವನ ಕಡೆ ತಿರುಗಿದಳು. "ಅವತ್ತು ತಾತಿಕ್‌ಗೆ ಹೇಳಿದ್ದು ಸುಳ್ಳು. ನಂಗೆ ನೀವಂದ್ರೆ ಪ್ರಾಣ, ಮಾಸ್. ಮೊದಲನೇ ದಿನದಿಂದ. ಆ ವಾಸನೆ ಸಮೇತ."

ಸೆನೊ ಕನ್ನಡಕವನ್ನು ಅವಳ ಮೂಗಿನಿಂದ ಮೆಲ್ಲಗೆ ತೆಗೆದ. ತನ್ನ ಅಂಗಿಯ ತುದಿಯಿಂದ ಒರೆಸಿ ವಾಪಸ್ ಹಾಕಿದ.

"ಹಾಡು ಮುಗೀತು, ವೆನಿಂಗ್," ಅಂದ. ಮ್ಬಾಕ್ ಅನ್ನಲಿಲ್ಲ. "ಮೊದ್ಲು ಅಮ್ಮನ ಸಲಾಂ ಓದು. ಅಲ್ಲಿ ರೇಡಿಯೋ ಜೋರಾಗಿ ಹಾಕ್ಕೊಂಡು ಕೂತಿರ್ತಾಳೆ."

"ಎಲ್ಲಾ ಓದ್ಲಾ? ನಿಮ್ಮ ಕೋಪದ ವಿಷಯಾನೂ?"

"ಓದು. ಇಳಿದಿದೆ ಅಂತಾನೂ ಹೇಳು."

ವೆನಿಂಗ್ ಮೈಕಿನ ಗುಂಡಿ ಒತ್ತಿದಳು. ಮೂಲೆಯಲ್ಲಿ ಚೌಕ ಕೆಂಪಾಯಿತು. ಅವಳು ಅದನ್ನು ನೋಡಿದಳು, ಚೆನ್ನಾಗಿ ನೋಡಿದಳು, ಆಮೇಲೆ ಬಾಯಿ ತೆರೆದಳು.